ಬಾಯೊಳಗಿನ ಸ್ಪರ್ಧೆ

ಧಾರವಾಡದ ಪೇಡೆಯನ್ನು ಸವಿಯುವವರು ನಾವು ಮಾತ್ರವೇ ಅಲ್ಲ. ಬಾಯಲ್ಲುಳಿದ ಅದರ ಸಕ್ಕರೆಗಾಗಿ ಕಣ್ಣಿಗೆ ಕಾಣದ ಜೀವಿಗಳೂ ಕಾದಿರುತ್ತವೆ. ಮನುಷ್ಯರ ಬಾಯಲ್ಲಿ ಸುಮಾರು 700 ಬಗೆಯ ಬ್ಯಾಕ್ಟೀರಿಯಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಅನೇಕರ ಬಾಯಲ್ಲಿ ಕ್ಯಾಂಡಿಡಾ ಎಂಬ ಯೀಸ್ಟ್ ಸಹ ನೆಲೆಸಿರುತ್ತದೆ. ಆಹಾರಕ್ಕಾಗಿ, ನೆಲೆಗಾಗಿ ಇವು ಸದಾ ಸೆಣಸುತ್ತವೆ. ಸಂಖ್ಯೆಯಲ್ಲಿ ಅಧಿಕವಾದ, ಶೀಘ್ರವಾಗಿ ವೃದ್ಧಿಯಾಗುವ ಬ್ಯಾಕ್ಟೀರಿಯಗಳು ಆಹಾರದ ಹೆಚ್ಚಿನ ಪಾಲನ್ನು ಕಬಳಿಸುವುದರಿಂದ ಯೀಸ್ಟ್ ಅಂಕೆಯಲ್ಲಿರುತ್ತದೆ.

ಪ್ರತಿಜೀವಕ ಔಷಧಗಳು ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತವೆ. ಆದರೆ ಯೀಸ್ಟಿಗೆ ಅವು ನಾಟವು. ಅವನ್ನು ದೀರ್ಘಕಾಲ ಸೇವಿಸಿದಾಗ ಎದುರಾಳಿಯಿಲ್ಲದ ಯೀಸ್ಟ್ ಹಬ್ಬಿ, ನಾಲಗೆಯ ಮೇಲೆ ಬಿಳಿಯ ಪೊರೆಯಾಗಿ ಕಾಣಿಸಿಕೊಳ್ಳಬಹುದು. ಸಕ್ಕರೆ ಹೇರಳವಾದರೆ ಎದುರಾಳಿಗಳೇ ಜತೆಗೂಡಿ ಆಮ್ಲವನ್ನು ಹೆಚ್ಚಿಸಿ ಹಲ್ಲನ್ನು ಕೆಡಿಸುವುದೂ ಉಂಟು. ಆದುದರಿಂದ ಸಿಹಿ ತಿಂದೊಡನೆ ಬಾಯಿ ಮುಕ್ಕಳಿಸಬೇಕು. ವೈದ್ಯರ ಸಲಹೆಯಿಲ್ಲದೆ ಪ್ರತಿಜೀವಕಗಳನ್ನು ಸೇವಿಸಬಾರದು. ಬಾಯಿಯ ಆರೋಗ್ಯವೆಂದರೆ ಸೂಕ್ಷ್ಮಜೀವಿಗಳ ನಿರ್ಮೂಲನವಲ್ಲ, ಅವುಗಳ ಸಮತೋಲನ.