ಬರೆಯುವುದು ಅಂಟು, ಮಿಂಚುವುದು ಪುಡಿ

ಸ್ಟೇಷನರಿ ಅಂಗಡಿಯ ಪುಟ್ಟ ಸೀಸೆಗಳಲ್ಲಿ ಸಿಗುವ ಗ್ಲಿಟರ್ ಪುಡಿ ಕಂಡರೆ ಮಕ್ಕಳು ಕೈ ಚಾಚುತ್ತಾರೆ, ಅಮ್ಮಂದಿರು ಹುಬ್ಬು ಗಂಟಿಕ್ಕುತ್ತಾರೆ. ಒಮ್ಮೆ ಮನೆಯೊಳಗೆ ಬಂದರೆ ಅದು ಹಬ್ಬ ಮುಗಿದ ಮೇಲೂ ದಿಂಬಿನಲ್ಲಿ, ಬಾಚಣಿಗೆಯಲ್ಲಿ ಮಿಣುಗುತ್ತಲೇ ಇರುತ್ತದೆ. ಹಾಗಾಗಿ ಗ್ಲಿಟರ್ ಕೆಲಸವೆಂದರೆ ಮಕ್ಕಳಾಟ ಎನ್ನುವವರೇ ಹೆಚ್ಚು. ಪಳಗಿದ ಕೈ ಮಾಡಿದ ಶುಭಾಶಯ ಪತ್ರವೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದವರು ಮಾತ್ರ ಹಾಗೆನ್ನಲಾರರು.

ಈಗಿನ ಗ್ಲಿಟರ್ ಎಂದರೆ ಅಲ್ಯೂಮಿನಿಯಂ ಲೇಪಿಸಿ ಬಣ್ಣ ಕೊಟ್ಟ ತೆಳು ಪಾಲಿಯೆಸ್ಟರ್ ಹಾಳೆಯ ಚೂರು. ಭೂತಗನ್ನಡಿಯಲ್ಲಿ ನೋಡಿದರೆ ಬಹುಪಾಲು ಚೂರುಗಳಿಗೆ ಆರು ಮೂಲೆ. ಆ ಆಕಾರದಲ್ಲಿ ಕತ್ತರಿಸಿದರೆ ಹಾಳೆ ವ್ಯರ್ಥವಾಗುವುದಿಲ್ಲ. ಇದು ಬರುವ ಮೊದಲು ಪುಡಿ ಮಾಡಿದ ಗಾಜು, ನಾವು ಕಾಗೆಬಂಗಾರ ಎನ್ನುವ ಅಭ್ರಕ ಇದೇ ಕೆಲಸ ಮಾಡುತ್ತಿದ್ದವು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್, ಚಿತ್ರಕಾರ ಹಾರ್ಸ್‌ಲಿಯಿಂದ ಚಿತ್ರ ಬರೆಸಿ ಮೊದಲ ಕ್ರಿಸ್‌ಮಸ್ ಕಾರ್ಡನ್ನು ಮಾರಾಟಕ್ಕೆ ತಂದ. ಬೆಲೆ ಒಂದು ಶಿಲಿಂಗ್. ಮುಂದಿನ ದಶಕಗಳಲ್ಲಿ ಅಲ್ಲಿನ ಕಾರ್ಡುಗಳ ಮೇಲೆ ಗಾಜಿನ ಪುಡಿ ಹಿಮವಾಗಿ ಉದುರತೊಡಗಿತು. ನಮ್ಮಲ್ಲಿ ಹೊಸ ವರ್ಷಕ್ಕೆ, ಸಂಕ್ರಾಂತಿಗೆ ಕಾರ್ಡು ಕೊಳ್ಳುತ್ತಿದ್ದ ಕಾಲದಲ್ಲೂ ಎಷ್ಟೋ ಕಾರ್ಡುಗಳ ಮೇಲೆ ಅದೇ ಹಿಮ, ಅದೇ ಪೈನ್ ಮರ! ಹಿಮವನ್ನೇ ಕಾಣದ ಊರುಗಳಲ್ಲಿ ಅದನ್ನು ಯಾರೂ ಪ್ರಶ್ನಿಸಲಿಲ್ಲ.

ಇನ್ನು ಕೈಕೆಲಸ. ಕಾಗದ ದಪ್ಪಗಿರಬೇಕು, 250ರಿಂದ 300 ಜಿಎಸ್‌ಎಂ. ಅದಕ್ಕಿಂತ ತೆಳುವಾದರೆ ಅಂಟಿನ ಪಸೆ ಹೀರಿ ಬಾಗುತ್ತದೆ. ಮಡಿಸುವ ಮೊದಲು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲಿನ ಗುಂಟ ಒಂದು ಗೀರು ಎಳೆದುಕೊಂಡರೆ ಅಂಚು ಒಡೆಯದೆ ಮಡಿಕೆ ನೇರವಾಗಿ ಕೂರುತ್ತದೆ. ಆಮೇಲೆ, ತೆಳು ಬಟ್ಟೆಯಲ್ಲಿ ಕಟ್ಟಿದ ಟಾಲ್ಕಮ್ ಪೌಡರಿನ ಪುಟ್ಟ ಗಂಟನ್ನು ಕಾಗದದ ಮೇಲೆ ಮೆಲ್ಲಗೆ ಆಡಿಸಬೇಕು. ಕಾಗದದ ಜಿಡ್ಡು ಹೋಗುತ್ತದೆ, ಬೇಡದ ಕಡೆ ಚೂರು ಕಚ್ಚಿಕೊಳ್ಳುವುದಿಲ್ಲ. ಬಲ್ಲವರು ಈ ಹಂತವನ್ನು ಬಿಡುವುದೇ ಇಲ್ಲ.

ಆಮೇಲೆ ಅಂಟು. ನಿಜವಾದ ಕಲೆ ಇಲ್ಲಿದೆ. ಗ್ಲಿಟರಿನಿಂದ ಯಾರೂ ಚಿತ್ರ ಬರೆಯುವುದಿಲ್ಲ; ಚಿತ್ರ ಬರೆಯುವುದು ಅಂಟಿನಲ್ಲಿ, ಪುಡಿ ಅದನ್ನು ಕಾಣಿಸುತ್ತದೆ ಅಷ್ಟೆ. ಮೈಸೂರು ಶೈಲಿಯ ಚಿತ್ರಕಾರರೂ ಗೆಸ್ಸೊ ಎಂಬ ಸರಿಯಲ್ಲಿ ಒಡವೆಯ ಗೆರೆಗಳನ್ನು ಮೊದಲು ಉಬ್ಬಿಸಿ ಬರೆದುಕೊಂಡು, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಹೊಳಪು ಚಿನ್ನದ್ದು, ರೇಖೆ ಕುಂಚದ್ದು. ಇಲ್ಲಿ ಕುಂಚದ ಬದಲು ಸೂಜಿಮೂತಿಯ ಅಂಟಿನ ಬಾಟಲಿ. ಒತ್ತಡ ಒಂದೇ ಸಮನಾಗಿರಬೇಕು. ಕೈ ತಡೆದರೆ ಅಲ್ಲೊಂದು ಬೊಟ್ಟು, ಅವಸರ ಮಾಡಿದರೆ ಗೆರೆ ತುಂಡು. ಬಿಳಿ ಅಂಟು ಬೇಗ ಪೊರೆಗಟ್ಟುವುದರಿಂದ ಒಮ್ಮೆಗೆ ಒಂದೆರಡು ಎಸಳು ಬರೆದು ಪುಡಿ ಉದುರಿಸಿ, ನಂತರ ಮುಂದಕ್ಕೆ ಹೋಗಬೇಕು.

ಪುಡಿ ಉದುರಿಸುವಾಗ ಜಿಪುಣತನ ಬೇಡ. ಕೆಳಗೊಂದು ಹಾಳೆ ಹಾಸಿ ಧಾರಾಳವಾಗಿ ಸುರಿದು, ಸ್ವಲ್ಪ ಹೊತ್ತು ಬಿಟ್ಟು, ಕಾರ್ಡನ್ನು ನಿಲ್ಲಿಸಿ ಹಿಂಬದಿಗೆ ಬೆರಳಿನಿಂದ ತಟ್ಟಿದರೆ ಹೆಚ್ಚಿನದೆಲ್ಲ ಹಾಳೆಗೆ ಬೀಳುತ್ತದೆ. ಹಾಳೆಯನ್ನು ಮಡಿಸಿ ಕೊಳವೆ ಮಾಡಿದರೆ ಅದು ಮರಳಿ ಸೀಸೆಗೆ. ಸಣ್ಣ ಗೆರೆಗೆ ನುಣುಪಾದ ಪುಡಿಯೇ ಬೇಕು, ದಪ್ಪ ಚೂರು ಗೆರೆಯ ಅಂಚನ್ನೇ ಮುಚ್ಚಿಬಿಡುತ್ತದೆ. ಮೊದಲ ಬಣ್ಣ ಪೂರ್ತಿ ಒಣಗುವ ತನಕ ಎರಡನೆಯದಕ್ಕೆ ಕೈ ಹಾಕಬಾರದು. ಹಸಿರು ಎಲೆಯೊಳಗೆ ಕೆಂಪು ಚೂರು ಸಿಕ್ಕಿಕೊಂಡರೆ ಬಿಡಿಸುವ ದಾರಿಯಿಲ್ಲ. ಮಳೆಗಾಲದಲ್ಲಿ ಒಣಗಲು ಒಂದು ರಾತ್ರಿಯೂ ಬೇಕಾದೀತು.

ಅಗಲವಾದ ಜಾಗ ತುಂಬುವುದಾದರೆ ಅಂಟು ಬೇಡ, ಎರಡೂ ಬದಿ ಅಂಟಿರುವ ಹಾಳೆ ಮೇಲು. ಬೇಕಾದ ಆಕಾರ ಕತ್ತರಿಸಿ ಅಂಟಿಸಿ, ಮೇಲಿನ ಪೊರೆ ಸುಲಿದು, ಪುಡಿ ಹಾಕಿ ಬೆರಳಿನಿಂದ ಉಜ್ಜಿದರೆ ಲೋಹದ ತಗಡಿನಂತೆ ನಯವಾಗುತ್ತದೆ. ರಬ್ಬರ್ ಮುದ್ರೆ ಒತ್ತಿ, ಕರಗುವ ಪುಡಿ ಹಾಕಿ ಹೀಟ್ ಗನ್ನಿನಿಂದ ಕಾಯಿಸುವ ವಿಧಾನವೂ ಇದೆ. ಅದಕ್ಕೆ ಹೇರ್ ಡ್ರೈಯರ್ ಸಾಲದು, ಪುಡಿ ಹಾರಿಹೋಗುತ್ತದೆ.

ಎಲ್ಲಿ ಹಾಕಬೇಕು ಎನ್ನುವುದಕ್ಕಿಂತ ಎಲ್ಲಿ ಬಿಡಬೇಕು ಎಂದು ತಿಳಿದವರ ಕಾರ್ಡು ಚೆನ್ನ. ಹಣತೆಯ ಚಿತ್ರವಾದರೆ ಕುಡಿಗಷ್ಟೇ ಹೊಳಪಿರಲಿ, ಮಣ್ಣು ಮಣ್ಣಾಗಿಯೇ ಉಳಿಯಲಿ. ಬಣ್ಣವಿಲ್ಲದ ಪಾರದರ್ಶಕ ಪುಡಿಗೆ ನನ್ನ ಮತ ಸಂಕ್ರಾಂತಿಯ ಕಾರ್ಡಿನಲ್ಲಿ: ಬಿಳಿಯ ಸಕ್ಕರೆ ಅಚ್ಚಿನ ಚಿತ್ರದ ಮೇಲೆ ತೆಳ್ಳಗೆ ಉದುರಿಸಿದರೆ ಹರಳುಸಕ್ಕರೆಯ ಹೊಳಪೇ ಬರುತ್ತದೆ. ಅವರ ಹಿಮಕ್ಕೆ ನಮ್ಮ ಉತ್ತರ ಅದು.

ಅಂಚೆಗೆ ಹಾಕುವ ಮುನ್ನ ಗ್ಲಿಟರಿನ ಮೇಲೆ ಬಟರ್ ಪೇಪರ್ ಇಟ್ಟರೆ ಪುಡಿ ಲಕೋಟೆಗೆ ಉಜ್ಜಿಹೋಗುವುದಿಲ್ಲ. ಒಂದು ಎಚ್ಚರಿಕೆಯೂ ಇದೆ. ಈ ಪುಡಿ ಪ್ಲಾಸ್ಟಿಕ್ಕೇ; 2023ರ ಅಕ್ಟೋಬರಿನಿಂದ ಐರೋಪ್ಯ ಒಕ್ಕೂಟ ಬಿಡಿ ಪ್ಲಾಸ್ಟಿಕ್ ಗ್ಲಿಟರಿನ ಮಾರಾಟಕ್ಕೆ ನಿರ್ಬಂಧ ಹಾಕಿದೆ. ಸೆಲ್ಯುಲೋಸಿನಿಂದ ಮಾಡಿದ್ದು ಸಿಕ್ಕರೆ ಅದನ್ನೇ ಕೊಳ್ಳಿ. ಸಿಗದಿದ್ದರೆ ಮೇಜಿನ ಮೇಲೆ ಚೆಲ್ಲಿದ್ದನ್ನು ಒದ್ದೆ ಕಾಗದದಿಂದ ಒರೆಸಿ ಕಸದ ಬುಟ್ಟಿಗೆ ಹಾಕಿ, ಸಿಂಕಿನಲ್ಲಿ ತೊಳೆಯಬೇಡಿ.