ಹೊಸ ಮನೆ ಆರಿಸುವುದು ರಾಣಿಯಲ್ಲ

ಪ್ರಶ್ನೆ: ಜೇನು ಪಾಲಾಗಿ ಹೊರಟಾಗ ಹೊಸ ಗೂಡಿನ ಜಾಗವನ್ನು ರಾಣಿಯೇ ಗೊತ್ತುಮಾಡುತ್ತದೆಯೆ? ನಮ್ಮ ಕಚೇರಿಗಳು ಇದರಿಂದ ಕಲಿಯುವಂಥದ್ದು ಇದೆಯೆ?

ಉತ್ತರ: ಆ ತೀರ್ಮಾನ ರಾಣಿಯದಲ್ಲ. ಕೊಂಬೆಗೆ ಜೋತುಬಿದ್ದ ಹಿಂಡಿನಿಂದ ಕೆಲವು ನೂರು ಅನುಭವಿ ಕೆಲಸಗಾರ ಹುಳುಗಳು ಜಾಗ ಹುಡುಕಲು ಹೊರಡುತ್ತವೆ; ಮರಳಿ ಬಂದು, ಕಂಡ ಜಾಗವನ್ನು ಕುಣಿತದ ಮೂಲಕ ಉಳಿದವಕ್ಕೆ ತಿಳಿಸುತ್ತವೆ. 1949ರಲ್ಲಿ ಜರ್ಮನಿಯ ಜೇನು ಸಂಶೋಧಕ ಮಾರ್ಟಿನ್ ಲಿಂಡಾವರ್ ಅವರಿಗೆ ಹಿಂಡಿನ ಮೇಲೆ ಕುಣಿಯುತ್ತಿದ್ದ ಕೆಲವು ಹುಳುಗಳ ಮೈಗೆ ಮಸಿ, ಇಟ್ಟಿಗೆಪುಡಿ ಮೆತ್ತಿದ್ದು ಕಂಡಿತು. ಹೂವಿಗೆ ಹೋಗಿಬಂದ ಹುಳುವಿಗೆ ಮಸಿ ಎಲ್ಲಿಂದ ಅಂಟಬೇಕು? ಅವು ಹೊಗೆಗೂಡು, ಗೋಡೆಯ ಸಂದುಗಳನ್ನು ಹೊಕ್ಕು ನೋಡಿ ಬಂದಿದ್ದವು.

ನನ್ನ ಮನಸ್ಸಿಗೆ ಹಿಡಿಸಿದ್ದು ಮುಂದಿನ ನಡೆ. ಒಂದು ಹುಳು ಎಷ್ಟೇ ಹುರುಪಿನಿಂದ ಕುಣಿದರೂ ಇನ್ನೊಂದು ಅದನ್ನು ನಂಬಿ ಸುಮ್ಮನೆ ಕುಣಿಯುವುದಿಲ್ಲ. ತಾನೇ ಹಾರಿಹೋಗಿ, ಪೊಟರೆಯೊಳಗೆ ಓಡಾಡಿ, ನೋಡಿ ಬಂದ ಮೇಲೆಯೇ ಕುಣಿಯುತ್ತದೆ. ಒಳ್ಳೆಯ ಜಾಗಕ್ಕೆ ಹೆಚ್ಚು ಸುತ್ತು, ಸಾಧಾರಣದ್ದಕ್ಕೆ ಕಡಿಮೆ. ಹೋಗಿಬಂದಂತೆಲ್ಲ ಕುಣಿತ ತಗ್ಗುತ್ತಾ ಕೊನೆಗೆ ನಿಂತೇಬಿಡುತ್ತದೆ. ತನ್ನ ಆಯ್ಕೆಯೇ ಗೆಲ್ಲಬೇಕೆಂಬ ಹಟ ಅಲ್ಲಿಲ್ಲ. ಅಮೆರಿಕದ ಜೇನು ಸಂಶೋಧಕ ಥಾಮಸ್ ಸೀಲಿ ಕಂಡುಕೊಂಡಂತೆ, ಒಂದೇ ಜಾಗದಲ್ಲಿ ಏಕಕಾಲಕ್ಕೆ 20-30 ಹುಳುಗಳು ಸೇರಿದರೆ ತೀರ್ಮಾನ ಆದಂತೆ.

ನಮ್ಮ ಸಭೆಗಳಲ್ಲಿ ಹಿರಿಯ ಅಧಿಕಾರಿ ಮೊದಲು ಬಾಯಿಬಿಟ್ಟರೆ ಉಳಿದವರು ತಲೆಯಾಡಿಸುತ್ತೇವೆ. ಅವರು ಕೊನೆಗೆ ಮಾತಾಡಲಿ. ಅದಕ್ಕೂ ಮೊದಲು ಮೂರ್ನಾಲ್ಕು ಜನ ಬೇರೆಬೇರೆಯಾಗಿ ಹೋಗಿ ನೋಡಿಬರಲಿ. ಸೈಟು ಕೊಳ್ಳುವಾಗಲೂ ಅಷ್ಟೆ: ಭಾವನೋ ಅಣ್ಣನೋ ಹೊಗಳಿದರೆಂದು ಮುಂಗಡ ಕೊಡಬೇಡಿ, ಒಂದು ಮಳೆಯ ದಿನ ನೀವೇ ಹೋಗಿ ಅಲ್ಲಿ ನೀರು ಎತ್ತ ಹರಿಯುತ್ತದೆ ನೋಡಿ.