ಮ್ಯಾನ್ಲಿ ಕಡಲಿನ ಪಂಚಾಂಗ

ಸಿಡ್ನಿಯ ಮ್ಯಾನ್ಲಿ ಕಡಲತೀರದಲ್ಲಿ ದಿನವೂ ಬೆಳಿಗ್ಗೆ ಏಳು ಗಂಟೆಗೆ ಗುಲಾಬಿ ಬಣ್ಣದ ಟೊಪ್ಪಿ ತೊಟ್ಟ ಜನ ಗುಂಪಾಗಿ ನೀರಿಗಿಳಿಯುತ್ತಾರೆ. ಎದುರಿಗಿನ ಪುಟ್ಟ ಶೆಲ್ಲಿ ಬೀಚ್‌ವರೆಗೆ ಈಜಿ ಮರಳಿ ಬಂದರೆ ಸುಮಾರು ಒಂದೂವರೆ ಕಿಲೋಮೀಟರ್. 2008ರಲ್ಲಿ ಕೆಲವೇ ಜನರಿಂದ ಶುರುವಾದ ಈ ಕೂಟದ ಹೆಸರು 'ಬೋಲ್ಡ್ ಅಂಡ್ ಬ್ಯೂಟಿಫುಲ್'. ಈಗ ನೂರಾರು ಜನ ಸೇರುತ್ತಾರೆ. ಇಲ್ಲಿ ಪೈಪೋಟಿಯಿಲ್ಲ, ಸಮಯ ಅಳೆಯುವವರಿಲ್ಲ. ವೇಗದ ಗೊಡವೆ ಇಲ್ಲದ್ದರಿಂದಲೇ ಇವರಿಗೆ ನಡುವೆ ನಿಂತು ಕೆಳಗೆ ನೋಡಲು ಪುರುಸೊತ್ತು ಸಿಗುತ್ತದೆ.

ಕೆಳಗೆ ನೋಡುವಂಥದ್ದು ಬೇಕಾದಷ್ಟಿದೆ. ಅವರ ದಾರಿ ಹಾದುಹೋಗುವ ಕ್ಯಾಬೇಜ್ ಟ್ರೀ ಕೊಲ್ಲಿಯನ್ನು 2002ರಲ್ಲಿ ಜಲಚರ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 20 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಐವತ್ತು ಎಕರೆ. ಇಲ್ಲಿ ಗಾಳ ಹಾಕುವಂತಿಲ್ಲ, ಈಟಿಯಿಂದ ಮೀನು ಹೊಡೆಯುವಂತಿಲ್ಲ, ಯಾವ ಜೀವಿಯನ್ನೂ ಎತ್ತಿಕೊಂಡು ಹೋಗುವಂತಿಲ್ಲ. ಐವತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರದ ಮಗ್ಗುಲಲ್ಲೇ ಇರುವ ಈ ತುಂಡು ಕಡಲಿನಲ್ಲಿ 160ಕ್ಕೂ ಹೆಚ್ಚು ಜಾತಿಯ ಮೀನುಗಳು ದಾಖಲಾಗಿವೆ.

ಒಂದೇ ಜಾಗವನ್ನು, ಒಂದೇ ಹೊತ್ತಿನಲ್ಲಿ, ವರ್ಷಪೂರ್ತಿ ನೋಡುವವರಿಗೆ ಕಡಲು ತನ್ನ ಪಂಚಾಂಗವನ್ನು ಬಿಚ್ಚಿಡುತ್ತದೆ. ಯಾವ ತಿಂಗಳಲ್ಲಿ ಯಾರು ಬಂದರು, ಯಾರು ಹೋದರು, ಯಾರು ಮೊಟ್ಟೆಯಿಟ್ಟರು ಎಂಬುದು ಅವರಿಗೆ ಬಾಯಿಪಾಠವಾಗಿರುತ್ತದೆ. ವಿಜ್ಞಾನಿಗೆ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದ ವಸ್ತು ಇದೇ. ಸಂಶೋಧನೆಯ ದೋಣಿ ವರ್ಷಕ್ಕೆ ಕೆಲವು ಸಲ ಬಂದೀತು. ಈಜುಗಾರರು ಮಾತ್ರ ದಿನಾ ಬರುತ್ತಾರೆ.

ಅಲ್ಲಿನ ಬೇಸಿಗೆಯ ನಡುವೆ, ಎಂದರೆ ಜನವರಿಯ ಆಸುಪಾಸಿನಲ್ಲಿ, ಡಸ್ಕಿ ವೇಲರ್ ಶಾರ್ಕ್‌ಗಳ ಮರಿಗಳು ಈ ಕೊಲ್ಲಿಗೆ ಬರುತ್ತವೆ. ಉದ್ದ ಸುಮಾರು ಒಂದು ಮೀಟರ್. ನೀರು ತಣ್ಣಗಾಗುವವರೆಗೆ ಹಲವು ತಿಂಗಳು ಇಲ್ಲೇ ಗುಂಪುಗುಂಪಾಗಿ ಸುತ್ತುತ್ತವೆ. ದೊಡ್ಡವಾದ ಮೇಲೆ ಇವೇ ಮೂರೂವರೆ ಮೀಟರ್ ದಾಟುತ್ತವೆ, ಆದರೆ ಪ್ರಾಯಕ್ಕೆ ಬರಲು ಸುಮಾರು ಇಪ್ಪತ್ತು ವರ್ಷ ಬೇಕು. ಇಷ್ಟು ನಿಧಾನವಾಗಿ ಬೆಳೆಯುವ ಪ್ರಾಣಿಯನ್ನು ಬೇಗ ಬೇಗ ಹಿಡಿದರೆ ಸಂತತಿ ಕುಸಿಯದೆ ಇರುತ್ತದೆಯೇ? ಜಾಗತಿಕ ಕೆಂಪು ಪಟ್ಟಿಯಲ್ಲಿ ಇದು ಈಗ ಅಪಾಯದ ಅಂಚಿನಲ್ಲಿರುವ ಪ್ರಭೇದ. ಸದ್ಯಕ್ಕಂತೂ ಕ್ಯಾಬೇಜ್ ಟ್ರೀ ಕೊಲ್ಲಿಯಲ್ಲಿ ಈ ಮರಿಗಳು ಗಾಳದ ಭಯವಿಲ್ಲದೆ ಬೆಳೆಯುತ್ತಿವೆ.

ಚಳಿಗಾಲ ಹತ್ತಿರವಾದಾಗ ಪೋರ್ಟ್ ಜಾಕ್ಸನ್ ಶಾರ್ಕ್‌ಗಳ ಸರದಿ. ಸಿಡ್ನಿ ಬಂದರಿನ ಹಳೆಯ ಹೆಸರನ್ನೇ ಹೊತ್ತ ಮೀನು ಇದು. ಮೊಂಡು ಮುಖ, ಕಣ್ಣಿನ ಮೇಲೆ ಏಣು, ಮೈಮೇಲೆ ಕಂದು ಪಟ್ಟೆ. ಬಾಯಿಯ ಮುಂದಿನ ಹಲ್ಲು ಚೂಪು, ಹಿಂದಿನವು ಚಪ್ಪಟೆ. ಚಿಪ್ಪುಜೀವಿಗಳನ್ನು ಅರೆದು ತಿನ್ನಲು ಹೇಳಿಮಾಡಿಸಿದಂತಿವೆ. ಮನುಷ್ಯರ ತಂಟೆಗೆ ಬರುವುದಿಲ್ಲ, ಹಗಲೆಲ್ಲ ಬಂಡೆಯ ಸಂದಿನಲ್ಲಿ ಒತ್ತೊತ್ತಾಗಿ ಮಲಗಿರುತ್ತದೆ. ಹೆಣ್ಣು ಇಡುವ ಮೊಟ್ಟೆಯ ಕೋಶ ತಿರುಪಿನ ಆಕಾರದ್ದು. ಬಂಡೆಯ ಬಿರುಕಿನಲ್ಲಿ ಅದು ಸಿಕ್ಕಿಕೊಂಡರೆ ಅಲೆಯ ಹೊಡೆತಕ್ಕೂ ಕದಲದು. ಮರಿ ಹೊರಬರಲು ಹತ್ತು ತಿಂಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. 1971ರಲ್ಲಿ ಪ್ರಕಟವಾದ ಸಿಡ್ನಿಯ ಅಧ್ಯಯನವೊಂದು ಇವುಗಳಿಗೆ ಗುರುತುಪಟ್ಟಿ ಕಟ್ಟಿ ಬಿಟ್ಟಾಗ ಅಚ್ಚರಿಯ ಸಂಗತಿ ಹೊರಬಿತ್ತು. ಸಂತಾನದ ಕೆಲಸ ಮುಗಿಸಿ ದಕ್ಷಿಣಕ್ಕೆ ಹೊರಟ ಶಾರ್ಕ್‌ಗಳಲ್ಲಿ ಕೆಲವು 800 ಕಿಲೋಮೀಟರ್‌ಗೂ ಹೆಚ್ಚು ದೂರ ಹೋಗಿದ್ದವು. ಮುಂದಿನ ಚಳಿಗಾಲಕ್ಕೆ ಹಲವು ಶಾರ್ಕ್‌ಗಳು ಹಳೆಯ ಸಂದಿಗೇ ಮರಳಿದ್ದವು.

ನನಗೆ ಈ ಕೊಲ್ಲಿಯ ಜೀವಿಗಳಲ್ಲಿ ಅತ್ಯಂತ ವಿಸ್ಮಯದ್ದಾಗಿ ಕಾಣುವುದು ದೈತ್ಯ ಕಟಲ್‌ಫಿಶ್. ನಮ್ಮ ಕರಾವಳಿಯ ಬೊಂಡಾಸದ ಹತ್ತಿರದ ಬಂಧು. ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಸಮುದ್ರನೊರೆ ಎಂದು ಮಾರುವ ಬಿಳಿ, ಹಗುರ ವಸ್ತು ಕಟಲ್‌ಫಿಶ್‌ಗಳ ಮೈಯೊಳಗಿನ ಚಿಪ್ಪೇ. ಅದರ ಸಣ್ಣ ಸಣ್ಣ ಕೋಣೆಗಳಲ್ಲಿ ಅನಿಲ ಮತ್ತು ದ್ರವದ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುತ್ತ ಪ್ರಾಣಿ ಮೇಲೇರುತ್ತದೆ, ಕೆಳಗಿಳಿಯುತ್ತದೆ. ಕಟಲ್‌ಫಿಶ್ ಜಾತಿಗಳಲ್ಲೆಲ್ಲ ಇದೇ ದೊಡ್ಡದು. ತಲೆ, ಬಾಹುಗಳನ್ನು ಬಿಟ್ಟು ಮುಂಡವೇ ಅರ್ಧ ಮೀಟರ್ ಬೆಳೆಯಬಲ್ಲದು. ಮೂರು ಹೃದಯ, ತಾಮ್ರದ ಅಂಶವಿರುವ ನೀಲಿ ರಕ್ತ. ಚರ್ಮದ ತುಂಬ ಬಣ್ಣದ ಚೀಲಗಳಿದ್ದು ಒಂದೊಂದನ್ನೂ ಸೂಕ್ಷ್ಮ ಸ್ನಾಯುಗಳು ಎಳೆದು ಹಿಗ್ಗಿಸುತ್ತವೆ. ಮಿದುಳಿನಿಂದ ನೇರ ಅಪ್ಪಣೆ ಬರುವುದರಿಂದ ಕಣ್ಣು ಮಿಟುಕಿಸುವುದರೊಳಗೆ ಬಣ್ಣ ಬದಲು. ಇಷ್ಟೆಲ್ಲ ವರ್ಣವೈಭವ ತೋರುವ ಪ್ರಾಣಿಯ ಕಣ್ಣಿನಲ್ಲಿರುವುದು ಒಂದೇ ಬಗೆಯ ಬೆಳಕಿನ ಗ್ರಾಹಿ. ನಾವು ಬಣ್ಣ ಎನ್ನುವುದನ್ನು ಅದು ನಮ್ಮಂತೆ ಕಾಣುವುದಿಲ್ಲ. ಆಯುಷ್ಯ ಒಂದೆರಡು ವರ್ಷ ಮಾತ್ರ. ಒಮ್ಮೆ ಸಂತಾನ ಪಡೆದು ಸಾಯುತ್ತದೆ.

ಬ್ಲೂ ಗ್ರೋಪರ್ ಎಂಬ ಮೀನು ಹಾಗಲ್ಲ, ಅದು ದೀರ್ಘಾಯುಷಿ. ಮೂವತ್ತು ವರ್ಷ ದಾಟುತ್ತದೆ, ಒಂದು ಮೀಟರ್‌ಗೂ ಮಿಕ್ಕಿ ಬೆಳೆಯುತ್ತದೆ. ಈ ಜಾತಿಯ ಎಲ್ಲ ಮೀನುಗಳೂ ಹೆಣ್ಣಾಗಿಯೇ ಬಾಳು ಆರಂಭಿಸುತ್ತವೆ. ದೊಡ್ಡವಾದ ಕೆಲವು ಮಾತ್ರ ಗಂಡಾಗಿ ಬದಲಾಗಿ ಅಚ್ಚ ನೀಲಿಗೆ ತಿರುಗುತ್ತವೆ. ಹಾಗಾಗಿ ಒಂದು ನೀಲಿ ಮೀನನ್ನು ಕೊಂದರೆ ಆ ಬಂಡೆಸಾಲಿನ ಇಡೀ ಸಂಸಾರ ಕದಡುತ್ತದೆ. ಈಜುಗಾರರ ಹಿಂದೆಯೇ ಬರುವಷ್ಟು ಸಲುಗೆಯ ಮೀನಾದ್ದರಿಂದ ಈಟಿಗೆ ಸುಲಭದ ತುತ್ತು. ನ್ಯೂ ಸೌತ್ ವೇಲ್ಸ್ ಸರಕಾರ 1969ರಲ್ಲೇ ಇದನ್ನು ಈಟಿಯಿಂದ ಹೊಡೆಯುವುದನ್ನು ನಿಷೇಧಿಸಿತು, 1998ರಲ್ಲಿ ರಾಜ್ಯದ ಮೀನೆಂದು ಸಾರಿತು.

ಎಲ್ಲ ಅತಿಥಿಗಳೂ ಹಿತವಲ್ಲ. ಬೇಸಿಗೆಯಲ್ಲಿ ಈಶಾನ್ಯದ ಗಾಳಿ ಬೀಸಿತೆಂದರೆ ಬ್ಲೂಬಾಟಲ್‌ಗಳು ದಡಕ್ಕೆ ಬರುತ್ತವೆ. ಮಳೆಗಾಲದಲ್ಲಿ ಮುಂಬೈ, ಗೋವಾ ತೀರಗಳಿಗೂ ಇವುಗಳ ಬಂಧುಗಳು ತೇಲಿ ಬರುವುದುಂಟು. ನೋಡಲು ಒಂದು ಲೋಳೆಮೀನು, ನಿಜದಲ್ಲಿ ಒಟ್ಟಾಗಿ ಬಾಳುವ ಜೀವಿಗಳ ಸಮೂಹ. ತೇಲುವುದು, ಬೇಟೆ ಹಿಡಿಯುವುದು, ಜೀರ್ಣಿಸುವುದು, ಸಂತಾನ ಹೀಗೆ ಕೆಲಸ ಹಂಚಿಕೊಂಡಿರುತ್ತವೆ. ಲೋಕದ ಕಡಲುಗಳಲ್ಲೆಲ್ಲ ಇರುವುದು ಇದರ ಒಂದೇ ಪ್ರಭೇದ ಎಂಬ ನಂಬಿಕೆಯಿತ್ತು. 2025ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ನಾಲ್ಕು ಪ್ರಭೇದಗಳಿವೆ ಎಂದು ತೋರಿಸಿತು; ಜನಸಾಮಾನ್ಯರು ಕಳಿಸಿದ ಸಾವಿರಾರು ಚಿತ್ರಗಳೂ ಅದಕ್ಕೆ ನೆರವಾದವು. ಕುಟುಕಿದರೆ ಎಳೆಗಳನ್ನು ತೆಗೆದು ಕಡಲ ನೀರಿನಿಂದ ತೊಳೆದು, ಚರ್ಮ ಸುಡದ ಹಾಗೆ ಸುಮಾರು 45 ಡಿಗ್ರಿಯ ಬಿಸಿನೀರಿನಲ್ಲಿ 20 ನಿಮಿಷ ಇಡಬೇಕು. ಬ್ಲೂಬಾಟಲ್‌ಗೆ ವಿನಿಗರ್ ಹಾಕಬಾರದೆಂಬುದು ಆಸ್ಟ್ರೇಲಿಯದ ಪ್ರಥಮ ಚಿಕಿತ್ಸೆಯ ಸಲಹೆ.

ದೊಡ್ಡ ಶಾರ್ಕ್‌ಗಳ ಮಾತನ್ನು ಮುಚ್ಚಿಡುವುದು ಸರಿಯಲ್ಲ. 2022ರ ಫೆಬ್ರವರಿಯಲ್ಲಿ ಸಿಡ್ನಿಯ ಲಿಟಲ್ ಬೇಯಲ್ಲಿ ಬಿಳಿ ಶಾರ್ಕ್‌ನಿಂದ ಈಜುಗಾರರೊಬ್ಬರು ಸತ್ತರು. 1963ರ ನಂತರ ಆ ನಗರದಲ್ಲಿ ಅಂಥ ಸಾವು ಅದೇ ಮೊದಲು. 2025ರ ಸೆಪ್ಟೆಂಬರಿನಲ್ಲಿ ಮ್ಯಾನ್ಲಿಗೆ ಉತ್ತರದಲ್ಲಿ ಅಲೆಸವಾರರೊಬ್ಬರು ಬಲಿಯಾದರು. ಬುಲ್ ಶಾರ್ಕ್‌ಗಳು ಬೇಸಿಗೆ ಕಳೆದು ಉತ್ತರಕ್ಕೆ ಮರಳುವುದು ತಡವಾಗುತ್ತಿದೆ: ಹದಿನೈದು ವರ್ಷಗಳ ದತ್ತಾಂಶ ಪರಿಶೀಲಿಸಿದ ಸಂಶೋಧಕರಿಗೆ ಸಿಡ್ನಿಯ ನೀರಿನಲ್ಲಿ ಅವುಗಳ ವಾಸ ಸರಾಸರಿ ಹದಿನೈದು ದಿನದಷ್ಟು ಹಿಗ್ಗಿರುವುದು ಕಂಡಿತು.

ಬುಲ್ ಶಾರ್ಕ್‌ಗಳ ಈ ತಡಕ್ಕೆ ಕಾರಣ ಬೆಚ್ಚಗಾಗುತ್ತಿರುವ ನೀರು. ಪೂರ್ವ ಆಸ್ಟ್ರೇಲಿಯ ಪ್ರವಾಹ ಉತ್ತರದ ಹವಳದ ಕಡಲಿನಿಂದ ಬಿಸಿನೀರನ್ನು ದಕ್ಷಿಣಕ್ಕೆ ಹೊತ್ತು ತರುತ್ತದೆ. ಅದರ ಜೊತೆ ಚಿಟ್ಟೆಮೀನಿನಂಥ ಉಷ್ಣವಲಯದ ಮೀನುಗಳ ಮರಿಗಳೂ ಬರುತ್ತವೆ. ಹಿಂದೆ ಚಳಿಗಾಲ ಬಂತೆಂದರೆ ಅವು ಸತ್ತುಹೋಗುತ್ತಿದ್ದವು. ಸಿಡ್ನಿಯ ತಂತ್ರಜ್ಞಾನ ವಿಶ್ವವಿದ್ಯಾಲಯದ ಡೇವಿಡ್ ಬೂತ್ ಮತ್ತು ಸಂಗಡಿಗರು ಇವುಗಳನ್ನು ದೀರ್ಘಕಾಲ ಎಣಿಸುತ್ತ ಬಂದಿದ್ದಾರೆ. ಚಳಿಗಾಲ ಬೆಚ್ಚಗಿದ್ದ ವರ್ಷಗಳಲ್ಲಿ ಕೆಲವು ಉಳಿದುಕೊಳ್ಳುತ್ತವೆ. ಇನ್ನೂ ದಕ್ಷಿಣದಲ್ಲಿ, ಉದ್ದ ಮುಳ್ಳಿನ ಕಡಲಮುಳ್ಳಿಗಳು (ಸೀ ಅರ್ಚಿನ್) ಟ್ಯಾಸ್ಮೇನಿಯಕ್ಕೆ ಹಬ್ಬಿ ಕೆಲ್ಪ್ ಎಂಬ ದೊಡ್ಡ ಕಡಲಪಾಚಿಯ ಕಾಡನ್ನು ಬೋಳುಮಾಡುತ್ತಿವೆ. ಅವುಗಳ ಎಳೆಮರಿಗಳು ಸರಿಯಾಗಿ ಬೆಳೆಯಲು ನೀರು 12 ಡಿಗ್ರಿಗಿಂತ ಬೆಚ್ಚಗಿರಬೇಕು. ಟ್ಯಾಸ್ಮೇನಿಯದ ಚಳಿಗಾಲ ಈಗ ಆ ಗೆರೆಯನ್ನು ದಾಟಿದೆ.

ಮೆಲ್ಬರ್ನಿನ ಕಡಲು ಬೇರೆಯೇ. ಅಲ್ಲಿನ ಪೋರ್ಟ್ ಫಿಲಿಪ್ ಕೊಲ್ಲಿ ವಿಶಾಲ, ಆದರೆ ಆಳ ಕಡಿಮೆ, ಸಾಗರಕ್ಕೆ ತೆರೆದ ಬಾಯಿ ಕಿರಿದು. ಅದಕ್ಕೇ ಚಳಿಗಾಲದಲ್ಲಿ ನೀರು ಹತ್ತು ಹನ್ನೊಂದು ಡಿಗ್ರಿಗೆ ಇಳಿಯುತ್ತದೆ. ಬ್ರೈಟನ್‌ನ ಹಳೆಯ ಈಜುಕಟ್ಟೆಯ ಬಳಿ ಸೇರುವ 'ಐಸ್‌ಬರ್ಗರ್ಸ್' ಬಳಗದವರು ಆಗಲೂ ಈಜುತ್ತಾರೆ. ಆ ಚಳಿಯಲ್ಲಿ ಹೊಸಬರು ಧುಮುಕುವುದು ಸಲ್ಲ. ಮೊದಲ ನಿಮಿಷದಲ್ಲಿ ಉಸಿರು ಕೈತಪ್ಪಿ ನೀರು ಒಳಹೋಗುವ ಅಪಾಯವಿದೆ.

ಅದೇ ಕೊಲ್ಲಿಯ ರೈ, ಬ್ಲೇರ್‌ಗೌರಿ ಕಟ್ಟೆಗಳ ಬಳಿ ಮೇ ಜೂನ್ ಹೊತ್ತಿಗೆ ಜೇಡ ಏಡಿಗಳು ಸಾವಿರ ಸಾವಿರವಾಗಿ ಬಂದು ಒಂದರ ಮೇಲೊಂದು ಏರಿ ಗುಡ್ಡೆಯಾಗುತ್ತವೆ. ಏಡಿ ಬೆಳೆಯಬೇಕಾದರೆ ಹಳೆಯ ಚಿಪ್ಪು ಕಳಚಬೇಕು. ಹೊಸದು ಗಟ್ಟಿಯಾಗುವವರೆಗೆ ಮೈಯೆಲ್ಲ ಮೆತ್ತಗೆ; ತೊರಕೆ ಮೀನು, ಸೀಲ್‌ಗಳು ಹೊಂಚು ಹಾಕಿರುತ್ತವೆ. ಗುಂಪಿನಲ್ಲಿದ್ದರೆ ಒಂದೊಂದರ ಪಾಲಿಗೆ ಬರುವ ಅಪಾಯ ಕಡಿಮೆ. ಪ್ರತಿವರ್ಷ ಅದೇ ಜಾಗಕ್ಕೆ ಬರುತ್ತವೆಂಬ ಖಾತ್ರಿಯಿಲ್ಲದ್ದರಿಂದ ಡೀಕಿನ್ ವಿಶ್ವವಿದ್ಯಾಲಯದ ಸಂಶೋಧಕರು, ಕಂಡವರು ತಿಳಿಸಿ ಎಂದು ಈಜುಗಾರರನ್ನೂ ಮುಳುಗುಗಾರರನ್ನೂ ಕೇಳಿಕೊಂಡಿದ್ದಾರೆ. ವಿಕ್ಟೋರಿಯ ರಾಜ್ಯದ ಕಡಲ ಲಾಂಛನವಾದ ವೀಡಿ ಸೀಡ್ರ್ಯಾಗನ್ ಎಂಬ ಮೀನಿನ ಅಧ್ಯಯನಕ್ಕೂ ಇಂಥವರು ತೆಗೆದ ಚಿತ್ರಗಳೇ ಆಧಾರ. ಮೈಮೇಲಿನ ಚುಕ್ಕೆಗಳ ವಿನ್ಯಾಸ ಒಂದರಂತೆ ಇನ್ನೊಂದಕ್ಕಿಲ್ಲ, ಆದ್ದರಿಂದ ಪ್ರಾಣಿಯನ್ನು ಮುಟ್ಟದೆಯೇ ಗುರುತಿಸಬಹುದು.

ಮಕ್ಕಳ ಮನೆಗೆಂದು ಸಿಡ್ನಿಗೆ ಹೋಗುವ ನಮ್ಮ ಅಪ್ಪ ಅಮ್ಮಂದಿರು ಈಜು ಬರದಿದ್ದರೂ ಮ್ಯಾನ್ಲಿಯಿಂದ ಶೆಲ್ಲಿ ಬೀಚ್‌ಗೆ ಹೋಗುವ ಕಾಲುದಾರಿಯಲ್ಲಿ ಒಮ್ಮೆ ನಡೆಯಲಿ. ನೀರು ತಿಳಿಯಾಗಿದ್ದರೆ ಮೇಲಿನಿಂದಲೇ ಮೀನು ಕಾಣಿಸುತ್ತದೆ. ನಮ್ಮಲ್ಲೂ ಮುರುಡೇಶ್ವರದಾಚೆ ನೇತ್ರಾಣಿಯ ಹವಳವಿದೆ, ಹೊನ್ನಾವರದ ತೀರದಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಕಾರವಾರದಿಂದ ಸೋಮೇಶ್ವರದವರೆಗೆ ಕಡಲಿಗಿಳಿಯುವವರು ತಾವು ಕಂಡ ಜೀವಿಯ ಚಿತ್ರ, ದಿನಾಂಕ, ಜಾಗವನ್ನು ಐನ್ಯಾಚುರಲಿಸ್ಟ್‌ನಂಥ ಮುಕ್ತ ಜಾಲತಾಣಕ್ಕೆ ಹಾಕಬೇಕು. ಅದಕ್ಕೆ ಖರ್ಚಿಲ್ಲ, ಪದವಿ ಬೇಕಿಲ್ಲ. ಇಂದೇ ಶುರುಮಾಡಿ.